ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ದೂರ? ಯಾರನ್ನ ಕೇಳ್ತೀರಿ ಅನ್ನೋದರ ಮೇಲಿದೆ!

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

2022ರ ಫೆಬ್ರವರಿ ಕೊನೆಯ ವಾರ ನೆನಪಿದೆಯಲ್ಲ? ರಷ್ಯಾ ಯುಕ್ರೇನ್ ಮೇಲೆ ಮುಗಿಬಿದ್ದ ವಾರ. ನಮ್ಮ ಸ್ಟುಡಿಯೋದಲ್ಲಿ ಹಗಲು ರಾತ್ರಿ ಅನ್ನೋದೇ ಇರಲಿಲ್ಲ. ಖಾರ್ಕಿವ್‌ನ ಬಂಕರ್‌ಗಳಿಂದ ನಮ್ಮ ಮೆಡಿಕಲ್ ವಿದ್ಯಾರ್ಥಿಗಳು ವಿಡಿಯೋ ಕಾಲ್ ಮಾಡ್ತಿದ್ದರು. ಇಲ್ಲಿ ಅವರ ಅಪ್ಪ ಅಮ್ಮಂದಿರು ಕಣ್ಣೀರು ಹಾಕ್ತಿದ್ದರು. ಅಂಥ ಹೊತ್ತಿನಲ್ಲಿ, ಫೆಬ್ರವರಿ 28ರಂದು, ಒಂದು ಸುದ್ದಿ ಬಂತು. ‘36 ದೇಶಗಳ ವಿಮಾನಗಳಿಗೆ ಆಕಾಶ ಮುಚ್ಚಿದ ರಷ್ಯಾ.’ ನಾವು ಏನು ಮಾಡಿದೆವು ಗೊತ್ತಾ? ಪರದೆಯ ಕೆಳಗೆ ಒಂದು ಸಾಲಿನ ಸ್ಕ್ರೋಲ್ ಹಾಕಿದೆವು. ಅದು ಎಡಕ್ಕೆ ಓಡಿ ಹೋಯ್ತು. ಮುಗೀತು.

ಮಾರನೇ ದಿನ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಆಮೇಲೆ ಬೇರೆ ಯಾವ ಸುದ್ದಿಗೂ ಜಾಗ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಆದರೆ ಆ ಒಂದು ಸಾಲಿನ ಸ್ಕ್ರೋಲ್ ನನ್ನ ತಲೆಯಲ್ಲಿ ಉಳಿದುಬಿಡ್ತು. ಕೆಲವು ದಿನ ಬಿಟ್ಟು ಪುರುಸೊತ್ತಾದಾಗ ಅದರ ಬೆನ್ನು ಹತ್ತಿದೆ. ಆಗ ಸಿಕ್ಕಿದ್ದು ಒಂದು ವಿಚಿತ್ರ ಕಥೆ. ಎರಡು ಊರುಗಳ ಕಥೆ. ಒಂದು ಫಿನ್ಲೆಂಡ್ ರಾಜಧಾನಿ ಹೆಲ್ಸಿಂಕಿ, ಇನ್ನೊಂದು ಜಪಾನ್ ರಾಜಧಾನಿ ಟೋಕಿಯೋ. ಆ ಎರಡೂ ಊರು ಇದ್ದ ಜಾಗದಿಂದ ಒಂದು ಇಂಚೂ ಕದಲಿಲ್ಲ. ಆದರೆ ಅವುಗಳ ನಡುವಿನ ಪ್ರಯಾಣದ ಸಮಯ ಮಾತ್ರ 70 ವರ್ಷಗಳಲ್ಲಿ ಇಳಿದು, ಇನ್ನೂ ಇಳಿದು, ಮತ್ತೆ ದಿಢೀರನೆ ಏರಿತು. ವಿಮಾನದ ವೇಗ ಕಮ್ಮಿಯಾಗಿದ್ದಕ್ಕಲ್ಲ. ಕೆಳಗಿನ ನೆಲದ ಮೇಲೆ ಮನುಷ್ಯರು ಕಚ್ಚಾಡಿದ್ದಕ್ಕೆ.

ಮೊದಲು ಒಂದು ಸಣ್ಣ ಪ್ರಯೋಗ. ನಾನು ಓದಿದ್ದು ಎಂಜಿನಿಯರಿಂಗ್, ಆ ಚಾಳಿ ಇನ್ನೂ ಬಿಟ್ಟಿಲ್ಲ, ಸಹಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ತಗೊಳ್ಳಿ. ಒಂದು ದಾರ ತಗೊಳ್ಳಿ. ಒಂದು ತುದಿ ಹೆಲ್ಸಿಂಕಿ ಮೇಲೆ, ಇನ್ನೊಂದು ತುದಿ ಟೋಕಿಯೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ನೋಡಿದರೆ ದಾರಿ ಕಜಕಸ್ತಾನ, ಮಂಗೋಲಿಯಾ, ಚೀನಾ ಕಡೆಯಿಂದ ಹೋಗಬೇಕು ಅನ್ನಿಸುತ್ತೆ. ಆದರೆ ದಾರ ಹಾಗೆ ಹೋಗಲ್ಲ. ಅದು ಮೊದಲು ಉತ್ತರಕ್ಕೆ ಹತ್ತುತ್ತೆ, ಆರ್ಕ್‌ಟಿಕ್ ವೃತ್ತವನ್ನು ಸವರಿಕೊಂಡು, ಸೈಬೀರಿಯಾದ ತಲೆಯ ಮೇಲೆ ಹಾದು, ಆಮೇಲೆ ಜಪಾನ್ ಕಡೆಗೆ ಇಳಿಯುತ್ತೆ. ಗೋಲದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಇದೇ. ಉದ್ದ ಸುಮಾರು 7,800 ಕಿಲೋಮೀಟರ್.

ಈಗ ದಾರದ ಕೆಳಗೆ ಯಾವ ದೇಶ ಇದೆ ನೋಡಿ. ಹೆಲ್ಸಿಂಕಿ ಬಿಟ್ಟು ಸ್ವಲ್ಪ ಹೊತ್ತಿಗೆ ರಷ್ಯಾ. ಆಮೇಲೆ ರಷ್ಯಾ. ಅದಾದ ಮೇಲೂ ರಷ್ಯಾ. ಹೆಚ್ಚುಕಮ್ಮಿ ಜಪಾನ್ ಸಮುದ್ರ ಬರೋವರೆಗೂ ಅದೇ ದೇಶ. ಅಂದ್ರೆ ಈ ಎರಡು ಊರುಗಳ ನಡುವೆ ಹತ್ತಿರದ ದಾರಿ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋದು ಹೆಲ್ಸಿಂಕಿಯೂ ಅಲ್ಲ, ಟೋಕಿಯೋನೂ ಅಲ್ಲ. ಮಾಸ್ಕೋ!

ಅದು ಹೇಗೆ ಸಾಧ್ಯ, ಆಕಾಶ ಎಲ್ಲರದ್ದಲ್ವಾ ಅಂತ ನೀವು ಕೇಳಬಹುದು. ಅಲ್ಲ. 1944ರ ಡಿಸೆಂಬರ್ 7ರಂದು ಅಮೆರಿಕದ ಶಿಕಾಗೋದಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಇವತ್ತಿಗೂ ಜಗತ್ತಿನ ನಾಗರಿಕ ವಿಮಾನಯಾನ ನಡೆಯೋದು ಅದರ ಮೇಲೆಯೇ. ಅದರ ಮೊದಲನೇ ವಿಧಿಯೇ ಹೇಳುತ್ತೆ, ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಅಧಿಕಾರ ಇದೆ ಅಂತ. ಅದೇ ಸಮ್ಮೇಳನದಲ್ಲಿ ಇನ್ನೊಂದು ಒಪ್ಪಂದವೂ ಆಯ್ತು. ಪರಸ್ಪರರ ವಿಮಾನಗಳು ಇಳಿಯದೆ ಹಾದುಹೋಗೋದಕ್ಕೆ ಬಿಡೋಣ ಅನ್ನೋದು ಅದರ ಸಾರ. ಬಹಳಷ್ಟು ದೇಶಗಳು ಒಪ್ಪಿಕೊಂಡವು. ಆದರೆ ಸೋವಿಯತ್ ಒಕ್ಕೂಟ ಆ ಸಮ್ಮೇಳನಕ್ಕೇ ಬರಲಿಲ್ಲ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ಅದು ಸೇರಿದ್ದೇ 1970ರಲ್ಲಿ. ಹಾದುಹೋಗುವ ಒಪ್ಪಂದಕ್ಕೆ ರಷ್ಯಾ ಇವತ್ತಿಗೂ ಸೇರಿಲ್ಲ. ಊರಿನ ಮಧ್ಯದ ದೊಡ್ಡ ಜಮೀನು ಒಬ್ಬನದೇ, ಅವನು ಕಾಲುದಾರಿ ಬಿಡಲ್ಲ ಅಂದರೆ ಇಡೀ ಊರು ಸುತ್ತಿ ಹೋಗಬೇಕು. ನಮ್ಮ ಹಳ್ಳಿಗಳಲ್ಲಿ ಇಂಥ ಜಗಳ ಎಷ್ಟು ತಲೆಮಾರು ಕೋರ್ಟಿನಲ್ಲಿ ನಡೆಯುತ್ತೆ ಅಂತ ನಿಮಗೆ ಬೇರೆ ಹೇಳಬೇಕಿಲ್ಲ. ಇಲ್ಲಿ ಕೋರ್ಟೂ ಇಲ್ಲ.

ಹಾಗಾಗಿ ಎರಡನೇ ಮಹಾಯುದ್ಧದ ನಂತರ ಯುರೋಪಿನವರು ಟೋಕಿಯೋಗೆ ಹೋಗ್ತಿದ್ದಿದ್ದು ದಕ್ಷಿಣದ ದಾರಿಯಲ್ಲಿ. ಮಧ್ಯಪ್ರಾಚ್ಯ, ಭಾರತ, ಆಗ್ನೇಯ ಏಷ್ಯಾ, ಆಮೇಲೆ ಜಪಾನ್. ಅಲ್ಲಲ್ಲಿ ಇಳಿ, ಇಂಧನ ತುಂಬಿಸು, ಮತ್ತೆ ಹತ್ತು. ಒಟ್ಟು 50 ಗಂಟೆಗೂ ಹೆಚ್ಚು. ಎರಡು ದಿನಕ್ಕಿಂತ ಜಾಸ್ತಿ!

1957ರ ಫೆಬ್ರವರಿ 24ರಂದು ಸ್ಕ್ಯಾಂಡಿನೇವಿಯಾ ದೇಶಗಳ ಎಸ್‌ಎಎಸ್ ಕಂಪನಿ ಒಂದು ಹೊಸ ದಾರಿ ಕಂಡುಹಿಡಿಯಿತು. ಮಧ್ಯದಲ್ಲಿ ಬಿಡಲ್ವಾ? ಸರಿ, ತಲೆಯ ಮೇಲಿನಿಂದಲೇ ಹೋಗ್ತೀವಿ! ಕೋಪನ್‌ಹೇಗನ್‌ನಿಂದ ಹೊರಟು ಉತ್ತರ ಧ್ರುವದ ಕಡೆ ಹತ್ತಿ, ಅಮೆರಿಕದ ಅಲಾಸ್ಕಾದಲ್ಲಿರೋ ಆಂಕರೇಜ್‌ನಲ್ಲಿ ಇಳಿದು, ಅಲ್ಲಿಂದ ಟೋಕಿಯೋಗೆ. ವಿಮಾನ ಡಿಸಿ-7ಸಿ, ಜೆಟ್ ಅಲ್ಲ, ಪ್ರೊಪೆಲ್ಲರ್ ತಿರುಗಿಸಿಕೊಂಡು ಹೋಗೋದು. ಸಮಯ ಸುಮಾರು 32 ಗಂಟೆಗೆ ಇಳಿಯಿತು. ಒಂದೇ ಏಟಿಗೆ ಹತ್ತಿರಹತ್ತಿರ 20 ಗಂಟೆ ಉಳಿತಾಯ.

ಧ್ರುವದ ಮೇಲೆ ಹೋಗೋದು ಹೇಳಿದಷ್ಟು ಸುಲಭ ಅಲ್ಲ. ಅಲ್ಲಿ ಸಾಮಾನ್ಯ ದಿಕ್ಸೂಚಿ ನಂಬುವ ಹಾಗಿಲ್ಲ, ಮುಳ್ಳು ಎತ್ತೆತ್ತಲೋ ತಿರುಗುತ್ತೆ. ಧ್ರುವದ ಮೇಲೆ ನಿಂತರೆ ಎಲ್ಲ ದಿಕ್ಕೂ ದಕ್ಷಿಣವೇ, ಯಾವ ದಕ್ಷಿಣಕ್ಕೆ ಹೋಗ್ತೀರಿ? ಅದಕ್ಕಾಗಿಯೇ ಬೇರೆ ನಕ್ಷೆ, ಬೇರೆ ಲೆಕ್ಕ ಬೇಕಾಯ್ತು. ಜೊತೆಗೆ ಚಳಿ. ಇವತ್ತು ವಿಮಾನಗಳಿಗೆ ತುಂಬಿಸೋ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟೋಕೆ ಶುರುವಾಗುತ್ತೆ. ಧ್ರುವದ ಮೇಲಿನ ಗಾಳಿ ಅದಕ್ಕಿಂತ ತಣ್ಣಗಿರೋದು ಅಪರೂಪವೇನಲ್ಲ. ಪೈಲಟ್‌ಗಳು ಇಂಧನ ಎಷ್ಟಿದೆ ಅಂತ ನೋಡುವ ಹಾಗೆ ಇಂಧನ ಎಷ್ಟು ತಣ್ಣಗಾಗಿದೆ ಅಂತಲೂ ನೋಡ್ತಾ ಇರಬೇಕು.

ಈ ದಾರಿಯಿಂದ ಒಂದು ಊರಿನ ಅದೃಷ್ಟವೇ ಬದಲಾಯ್ತು. ಅದು ಆಂಕರೇಜ್. 1960ರಿಂದ 80ರ ದಶಕದವರೆಗೆ ಯುರೋಪ್–ಜಪಾನ್ ವಿಮಾನಗಳು ಸಾಲುಗಟ್ಟಿ ಅಲ್ಲಿ ಇಳಿಯುತ್ತಿದ್ದವು. ಆ ವಿಮಾನ ನಿಲ್ದಾಣದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹುಲ್ಲು ತುಂಬಿ ನಿಲ್ಲಿಸಿದ ದೊಡ್ಡ ಹಿಮಕರಡಿ ಇತ್ತು. ಜಪಾನಿಗಳಿಗಾಗಿಯೇ ಬಿಸಿಬಿಸಿ ಉಡಾನ್ ನೂಡಲ್ಸ್ ಅಂಗಡಿ ಇತ್ತು. ಆ ಕಾಲದಲ್ಲಿ ಯುರೋಪಿಗೆ ಹೋಗಿಬಂದ ಜಪಾನಿಗಳಿಗೆ ಆಂಕರೇಜ್ ಅಂದರೆ ಆ ಉಡಾನ್ ಇವತ್ತಿಗೂ ನೆನಪಾಗುತ್ತಂತೆ. ನಮ್ಮಲ್ಲಿ ರೈಲು ಮದ್ದೂರಿಗೆ ಬಂದರೆ ವಡೆ ನೆನಪಾಗಲ್ವಾ, ಹಾಗೆ!

ಅಷ್ಟರಲ್ಲಿ ಮಾಸ್ಕೋ ಬಾಗಿಲು ಸ್ವಲ್ಪ ಸರಿಸಿತು. 1967ರಲ್ಲಿ ಜಪಾನ್ ಏರ್‌ಲೈನ್ಸ್ ಮತ್ತು ಸೋವಿಯತ್‌ನ ಏರೋಫ್ಲೋಟ್ ಸೇರಿ ಟೋಕಿಯೋ–ಮಾಸ್ಕೋ ವಿಮಾನ ಶುರು ಮಾಡಿದವು. ವಿಮಾನ ಸೋವಿಯತ್‌ನದ್ದೇ. 1970ರಿಂದ ಕೆಲವು ವಿದೇಶಿ ಕಂಪನಿಗಳು ತಮ್ಮದೇ ವಿಮಾನದಲ್ಲಿ ಸೈಬೀರಿಯಾ ದಾಟಲು ಅನುಮತಿ ಸಿಕ್ಕಿತು, ಆದರೆ ಮಾಸ್ಕೋದಲ್ಲಿ ಇಳಿದೇ ಹೋಗಬೇಕು, ದುಡ್ಡನ್ನೂ ಕಟ್ಟಬೇಕು. ಸೈಬೀರಿಯಾದ ಆಕಾಶ ಒಂದು ಟೋಲ್ ರಸ್ತೆ ಆಯ್ತು. ಮುಂದೆ ಈ ಟೋಲ್ ಎಷ್ಟು ದೊಡ್ಡದಾಯ್ತು ಅಂದರೆ, ಯುರೋಪಿನ ಕಂಪನಿಗಳು ವರ್ಷಕ್ಕೆ ನೂರಾರು ಮಿಲಿಯನ್ ಯೂರೋ ಕಟ್ಟುತ್ತಿದ್ದವು. ಅದರಲ್ಲಿ ದೊಡ್ಡ ಪಾಲು ಹೋಗುತ್ತಿದ್ದಿದ್ದು ಏರೋಫ್ಲೋಟ್‌ಗೆ. ಅಂದ್ರೆ ತಮ್ಮ ಪ್ರತಿಸ್ಪರ್ಧಿಗೇ!

ಈಗ ಬರ್ತೀನಿ ಹೆಲ್ಸಿಂಕಿಗೆ. ಫಿನ್ಲೆಂಡ್ ಪುಟ್ಟ ದೇಶ, ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆದರೆ ರಷ್ಯಾ ಜೊತೆ 1,300 ಕಿಲೋಮೀಟರ್‌ಗೂ ಉದ್ದದ ಗಡಿ. ಶೀತಲ ಸಮರದಲ್ಲಿ ಅದು ಯಾರ ಕಡೆಗೂ ಸೇರದೆ, ಮಾಸ್ಕೋವನ್ನು ಕೆಣಕದೆ ಬದುಕಿದ ದೇಶ. ಆದರೂ ಸೈಬೀರಿಯಾ ಮೇಲೆ ನೇರವಾಗಿ ಹಾರೋ ಭಾಗ್ಯ ಅದಕ್ಕೂ ಇರಲಿಲ್ಲ. 1983ರ ಏಪ್ರಿಲ್ 22ರಂದು ಫಿನ್ಲೆಂಡಿನ ಫಿನ್‌ಏರ್ ಕಂಪನಿ ಹೆಲ್ಸಿಂಕಿಯಿಂದ ಟೋಕಿಯೋಗೆ ಎಲ್ಲೂ ಇಳಿಯದೆ ಹಾರುವ ವಿಮಾನ ಶುರು ಮಾಡಿತು. ಪಶ್ಚಿಮ ಯುರೋಪಿನಿಂದ ಜಪಾನಿಗೆ ಅದೇ ಮೊದಲ ನಾನ್‌ಸ್ಟಾಪ್. ವಿಮಾನ ಡಿಸಿ-10, ಹೆಚ್ಚುವರಿ ಇಂಧನದ ಟ್ಯಾಂಕ್ ಕೂರಿಸಿದ್ದು. ದಾರಿ? ಉತ್ತರ ಧ್ರುವ, ಬೇರಿಂಗ್ ಜಲಸಂಧಿ, ಟೋಕಿಯೋ. ಸಮಯ ಸುಮಾರು 13 ಗಂಟೆ. ಧ್ರುವ ದಾಟಿದ್ದಕ್ಕೆ ಪ್ರಯಾಣಿಕರಿಗೆ ಒಂದು ಸರ್ಟಿಫಿಕೇಟ್ ಬೇರೆ!

ಇಲ್ಲೊಂದು ಲೆಕ್ಕ ಹಾಕೋಣ. ಅಕ್ಷಾಂಶದ ಒಂದು ಡಿಗ್ರಿ ಅಂದರೆ 111 ಕಿಲೋಮೀಟರ್. ಹೆಲ್ಸಿಂಕಿ ಇರೋದು 60ನೇ ಡಿಗ್ರಿಯಲ್ಲಿ. ಧ್ರುವ 90. ಅಲ್ಲಿಗೆ 30 ಡಿಗ್ರಿ, ಅಂದರೆ ಸುಮಾರು 3,300 ಕಿಲೋಮೀಟರ್. ಧ್ರುವದಿಂದ ಬೇರಿಂಗ್ ಜಲಸಂಧಿಗೆ 24 ಡಿಗ್ರಿ, ಸುಮಾರು 2,700. ಅಲ್ಲಿಂದ ಟೋಕಿಯೋಗೆ ಸುಮಾರು 4,700. ಕೂಡಿಸಿ. 10,700! ನೇರ ದಾರಿ 7,800. ಅಂದರೆ 2,900 ಕಿಲೋಮೀಟರ್ ಸುತ್ತು. ಕನ್ಯಾಕುಮಾರಿಯಿಂದ ಹೊರಟರೆ ಕಾಶ್ಮೀರದ ತುದಿಯನ್ನೇ ಮುಟ್ಟಿಬಿಡಬಹುದಾದಷ್ಟು ದೂರ. ಅಷ್ಟು ಇಂಧನ ಸುಟ್ಟಿದ್ದು ಯಾಕೆ? ಕೆಳಗಿನ ದೇಶ ಬೇಡ ಅಂದಿದ್ದಕ್ಕೆ.

ಸುತ್ತಿಬಳಸಿ ಹೋದರೆ ಇಂಧನ ಹೋಗುತ್ತೆ, ಸಮಯ ಹೋಗುತ್ತೆ. ಆದರೆ ಸುತ್ತೋ ದಾರಿಯಲ್ಲಿ ಒಂಚೂರು ಯಾಮಾರಿದರೆ ಏನಾಗುತ್ತೆ? ಅದಕ್ಕೂ ಇತಿಹಾಸದಲ್ಲಿ ಉತ್ತರ ಇದೆ. ಕೆಟ್ಟ ಉತ್ತರ.

1978ರ ಏಪ್ರಿಲ್ 20. ಪ್ಯಾರಿಸ್‌ನಿಂದ ಆಂಕರೇಜ್ ಮೂಲಕ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್‌ನ ಬೋಯಿಂಗ್ 707 ಧ್ರುವ ಪ್ರದೇಶದಲ್ಲಿ ದಾರಿ ತಪ್ಪಿ ತಿರುಗಿ, ಸೋವಿಯತ್ ಒಳಗೆ ನುಗ್ಗಿಬಿಟ್ಟಿತು. ಯುದ್ಧವಿಮಾನ ಗುಂಡು ಹಾರಿಸಿತು. ಇಬ್ಬರು ಸತ್ತರು. ಪೈಲಟ್ ಹೇಗೋ ಹೆಪ್ಪುಗಟ್ಟಿದ ಒಂದು ಕೆರೆಯ ಮೇಲೆ ವಿಮಾನ ಇಳಿಸಿದ, ಉಳಿದವರು ಬದುಕಿಕೊಂಡರು.

ಜಗತ್ತು ಪಾಠ ಕಲಿಯಿತಾ? ಐದು ವರ್ಷ ಬಿಟ್ಟು, 1983ರ ಸೆಪ್ಟೆಂಬರ್ 1. ಗಮನಿಸಿ, ಫಿನ್‌ಏರ್ ತನ್ನ ಟೋಕಿಯೋ ವಿಮಾನ ಶುರು ಮಾಡಿ ನಾಲ್ಕೂವರೆ ತಿಂಗಳೂ ಆಗಿರಲಿಲ್ಲ. ನ್ಯೂಯಾರ್ಕ್‌ನಿಂದ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್ ಫ್ಲೈಟ್ 007 ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಸೋಲ್ ಕಡೆ ಹಾರಿತು. ಆಟೋಪೈಲಟ್ ಇರಬೇಕಾದ ಕ್ರಮದಲ್ಲಿ ಇರಲಿಲ್ಲ. ಮೊದಲೇ ಲೆಕ್ಕ ಹಾಕಿಟ್ಟ ಮಾರ್ಗವನ್ನು ಹಿಡಿಯುವ ಬದಲು ಅದು ಒಂದೇ ದಿಕ್ಕು ಹಿಡಿದು ಹೋಗ್ತಾ ಇತ್ತು. ಹೊರಟ ಸ್ವಲ್ಪ ಹೊತ್ತಿಗೆ ಕೆಲವೇ ಕಿಲೋಮೀಟರ್ ವ್ಯತ್ಯಾಸ. ಗಂಟೆಗಳು ಕಳೆದಂತೆ ಆ ವ್ಯತ್ಯಾಸ 500 ಕಿಲೋಮೀಟರ್‌ಗೂ ಮೀರಿ ಬೆಳೆಯಿತು. ಕಾಕ್‌ಪಿಟ್‌ನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕಮ್ಚಾಟ್ಕಾ ದಾಟಿ, ಸಖಾಲಿನ್ ದ್ವೀಪದ ಮೇಲೆ ಬಂದಾಗ ಸೋವಿಯತ್ ಸುಖೋಯ್-15 ವಿಮಾನ ಕ್ಷಿಪಣಿ ಹಾರಿಸಿತು. 269 ಜನ. ಒಬ್ಬರೂ ಉಳಿಯಲಿಲ್ಲ.

ಸೋವಿಯತ್ ಮೊದಲು ತನಗೇನೂ ಗೊತ್ತಿಲ್ಲ ಅಂದಿತು. ಆಮೇಲೆ ಅದು ಗೂಢಚಾರಿಕೆ ಅಂದಿತು. ವಿಮಾನದ ಬ್ಲ್ಯಾಕ್‌ಬಾಕ್ಸ್ ತನ್ನ ಬಳಿಯೇ ಇಟ್ಟುಕೊಂಡು ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾ ಅದನ್ನು ಒಪ್ಪಿಸಿತು, 1993ರಲ್ಲಿ ಅಂತಾರಾಷ್ಟ್ರೀಯ ವರದಿ ಬಂತು. ದಾರಿ ತಪ್ಪಿದ್ದು ಸಿಬ್ಬಂದಿಯ ಅಚಾತುರ್ಯದಿಂದ ಅಂತ ಸ್ಪಷ್ಟವಾಯ್ತು. ಹತ್ತು ವರ್ಷ ಸತ್ತವರ ಮನೆಯವರು ಒಂದು ಸತ್ಯಕ್ಕಾಗಿ ಕಾದರು.

ಆ 269 ಸಾವು ಎರಡು ವಿಷಯ ಬದಲಾಯಿಸಿತು. ಒಂದು, 1984ರಲ್ಲಿ ಶಿಕಾಗೋ ಒಪ್ಪಂದಕ್ಕೆ ಹೊಸ ವಿಧಿ ಸೇರಿಸಲು ದೇಶಗಳು ಒಪ್ಪಿದವು. ಹಾರುತ್ತಿರೋ ನಾಗರಿಕ ವಿಮಾನದ ಮೇಲೆ ಆಯುಧ ಬಳಸಬಾರದು ಅಂತ. ಇನ್ನೊಂದು ನಿಮ್ಮ ಜೇಬಿನಲ್ಲೇ ಇದೆ. ದುರಂತ ನಡೆದ ಎರಡು ವಾರಕ್ಕೆ ಅಮೆರಿಕದ ಅಧ್ಯಕ್ಷ ರೇಗನ್ ಅವರ ಸರ್ಕಾರ ಒಂದು ಘೋಷಣೆ ಮಾಡಿತು. ತನ್ನ ಸೇನೆಗಾಗಿ ಕಟ್ಟುತ್ತಿರೋ ಉಪಗ್ರಹ ವ್ಯವಸ್ಥೆ ಸಿದ್ಧವಾದ ಮೇಲೆ ನಾಗರಿಕ ಬಳಕೆಗೂ ಸಿಗುತ್ತೆ ಅಂತ. ಅದೇ ಜಿಪಿಎಸ್! ಇವತ್ತು ನೀವು ಮದುವೆ ಛತ್ರ ಹುಡುಕೋಕೆ ಮೊಬೈಲ್ ತೆಗೆದಾಗ, ಆ ನೀಲಿ ಚುಕ್ಕೆಯ ಹಿಂದೆ ಸಖಾಲಿನ್ ಸಮುದ್ರದಲ್ಲಿ ಮುಳುಗಿದ ಒಂದು ವಿಮಾನದ ನೆನಪಿದೆ.

ಇನ್ನು ಕಥೆ ಸ್ವಲ್ಪ ಸುಖದ ಕಡೆ ತಿರುಗುತ್ತೆ. ಗೋರ್ಬಚೆವ್ ಬಂದರು, ಮಂಜು ಕರಗಿತು, ಸೋವಿಯತ್ ಒಡೆಯಿತು. ಸೈಬೀರಿಯಾದ ಆಕಾಶ ತೆರೆಯಿತು. ಟೋಲ್ ಕಟ್ಟಿ, ನೇರವಾಗಿ ಹೋಗಿ. ಆಂಕರೇಜ್‌ನ ನಿಲ್ದಾಣದಲ್ಲಿ ಪ್ರಯಾಣಿಕರು ಕಮ್ಮಿಯಾದರು, ಆ ಊರು ಸರಕು ವಿಮಾನಗಳನ್ನು ನಂಬಿಕೊಂಡಿತು. ಹೆಲ್ಸಿಂಕಿಗೆ ಮಾತ್ರ ಲಾಟರಿ ಹೊಡೆಯಿತು. ಗ್ಲೋಬ್ ಮೇಲೆ ಮತ್ತೆ ದಾರ ಎಳೆದು ನೋಡಿ. ಲಂಡನ್, ಪ್ಯಾರಿಸ್, ಮ್ಯಾಡ್ರಿಡ್, ಎಲ್ಲಿಂದ ಟೋಕಿಯೋಗೆ ಎಳೆದರೂ ದಾರ ಫಿನ್ಲೆಂಡ್ ಆಸುಪಾಸಿನಲ್ಲೇ ಹಾದುಹೋಗುತ್ತೆ. ಹೆಲ್ಸಿಂಕಿ–ಟೋಕಿಯೋ ಹತ್ತು ಗಂಟೆಯೊಳಗಿನ ದಾರಿ ಆಯ್ತು. ಫಿನ್‌ಏರ್ ಇಡೀ ವ್ಯಾಪಾರವನ್ನೇ ಇದರ ಮೇಲೆ ಕಟ್ಟಿತು. ‘ಏಷ್ಯಾಗೆ ಅತಿ ಹತ್ತಿರದ ದಾರಿ ನಮ್ಮದು’ ಅನ್ನೋದೇ ಅದರ ಬಂಡವಾಳ. ಹೊಸ ಏರ್‌ಬಸ್ ಎ350 ವಿಮಾನಗಳು ಬಂದವು. ಟರ್ಮಿನಲ್ ದೊಡ್ಡದಾಯ್ತು. ಹೆಲ್ಸಿಂಕಿಯ ನಿಲ್ದಾಣದಲ್ಲಿ ಜಪಾನಿ ಭಾಷೆಯ ಬೋರ್ಡ್‌ಗಳು ಬಂದವು.

ಮೂವತ್ತು ವರ್ಷ ಹೀಗೇ ನಡೆಯಿತು. ಒಂದು ಇಡೀ ತಲೆಮಾರು ಆ ದಾರಿ ಯಾವತ್ತೂ ಇತ್ತು, ಯಾವತ್ತೂ ಇರುತ್ತೆ ಅಂದುಕೊಂಡಿತು.

ಆಮೇಲೆ ಬಂದಿದ್ದೇ ಆ ಸ್ಕ್ರೋಲ್. 2022ರ ಫೆಬ್ರವರಿ 27ಕ್ಕೆ ಯುರೋಪಿಯನ್ ಒಕ್ಕೂಟ ರಷ್ಯಾದ ವಿಮಾನಗಳಿಗೆ ಬಾಗಿಲು ಹಾಕಿತು. 28ಕ್ಕೆ ರಷ್ಯಾ ಉತ್ತರ ಕೊಟ್ಟಿತು. 36 ದೇಶಗಳ ಪಟ್ಟಿಯಲ್ಲಿ ಫಿನ್ಲೆಂಡೂ ಇತ್ತು. ಟೋಕಿಯೋ ವಿಮಾನಗಳು ನಿಂತವು. ಫಿನ್‌ಏರ್‌ನವರು ಏನು ಮಾಡಿದರು? ಹಳೇ ನಕ್ಷೆಗಳನ್ನು ತೆಗೆದರು. 39 ವರ್ಷ ಹಿಂದೆ ತಮ್ಮದೇ ಕಂಪನಿ ಹಾರಿದ್ದ ದಾರಿ! ಮಾರ್ಚ್ 9ಕ್ಕೆ ಟೋಕಿಯೋ ವಿಮಾನ ಮತ್ತೆ ಶುರುವಾಯ್ತು. ಒಂದು ದಾರಿ ಉತ್ತರ ಧ್ರುವದ ಮೇಲೆ, ಇನ್ನೊಂದು ದಕ್ಷಿಣದಲ್ಲಿ ಕಜಕಸ್ತಾನ, ಚೀನಾ ಬಳಸಿಕೊಂಡು. ಎರಡರಲ್ಲೂ ಹೆಚ್ಚುಕಮ್ಮಿ ಅದೇ ಸಮಯ. ಎಷ್ಟು? 13 ಗಂಟೆ!

ಯೋಚನೆ ಮಾಡಿ. 1983ರಲ್ಲಿ ಮೂರು ಎಂಜಿನ್‌ನ ಡಿಸಿ-10ಗೆ 13 ಗಂಟೆ. 2022ರಲ್ಲಿ ಜಗತ್ತಿನ ಅತ್ಯಾಧುನಿಕ ವಿಮಾನ ಎ350ಗೆ 13 ಗಂಟೆ. ನಾಲ್ಕು ದಶಕದ ಎಂಜಿನಿಯರಿಂಗ್ ಪ್ರಗತಿಯನ್ನ ಒಂದು ಸಹಿ ಅಳಿಸಿ ಹಾಕಿತು. ಎಂಜಿನಿಯರಿಂಗ್ ಓದಿದವನಿಗೆ ಇದು ನಗು ತರಿಸೋ ವಿಷಯ ಅಲ್ಲ. ಪ್ರಯಾಣಿಕರಿಗೆ ಮತ್ತೆ ಧ್ರುವ ದಾಟಿದ ಸರ್ಟಿಫಿಕೇಟ್ ಕೊಟ್ಟರು. ಮೊದಲ ಸಲ ಅದು ಸಾಧನೆಯ ಸರ್ಟಿಫಿಕೇಟ್. ಈ ಸಲ?

ಕಂಪನಿಯ ಲೆಕ್ಕ ಬುಡಮೇಲಾಯ್ತು. ಇಂಧನ ಜಾಸ್ತಿ, ಪೈಲಟ್‌ಗಳು ಜಾಸ್ತಿ ಬೇಕು, ಟಿಕೆಟ್ ದುಬಾರಿ. ಕೆಲವು ವಿಮಾನಗಳನ್ನು ಬೇರೆ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟರು. ನೌಕರರನ್ನು ಕಮ್ಮಿ ಮಾಡಿದರು. ಇನ್ನೊಂದು ಕಡೆ, ರಷ್ಯಾದ ಪಟ್ಟಿಯಲ್ಲಿ ಇಲ್ಲದ ಚೀನಾದ ಕಂಪನಿಗಳು ಅದೇ ಸೈಬೀರಿಯಾ ಮೇಲೆ ಆರಾಮಾಗಿ ಹಾರಿಕೊಂಡಿದ್ದವು. ಒಂದೇ ಆಕಾಶ, ಕೆಲವರಿಗೆ ಹೆದ್ದಾರಿ, ಕೆಲವರಿಗೆ ಗೋಡೆ. ಮುಂದೆ 2023ರ ಏಪ್ರಿಲ್‌ನಲ್ಲಿ ಫಿನ್ಲೆಂಡ್ ನ್ಯಾಟೋ ಸೇರಿತು. ಆಕಾಶದ ಬಾಗಿಲು ಇನ್ನೂ ಬಿಗಿಯಾಯ್ತು ಅಂತಲೇ ಅರ್ಥ.

ಹಾಗಾದ್ರೆ ಆಕಾಶ ಮುಚ್ಚೋದು ಯಾವಾಗಲೂ ತಪ್ಪಾ? ಇಲ್ಲಿ ನಾನು ಒಂದು ಕ್ಷಣ ನಿಲ್ಲಬೇಕು. ಯಾಕಂದ್ರೆ ಮುಚ್ಚಬೇಕಾದ ಆಕಾಶವನ್ನು ಮುಚ್ಚದೆ ಇದ್ದ ಕಥೆಯೂ ಇದೆ. 2014ರ ಜುಲೈ 17. ಪೂರ್ವ ಯುಕ್ರೇನ್‌ನಲ್ಲಿ ಕಾಳಗ ನಡೀತಿತ್ತು. ಅಲ್ಲಿ 32,000 ಅಡಿಯವರೆಗಿನ ಆಕಾಶ ಮಾತ್ರ ಮುಚ್ಚಿದ್ದರು. ಅದರ ಮೇಲೆ ತೆರೆದಿತ್ತು. ಆಮ್‌ಸ್ಟರ್‌ಡ್ಯಾಮ್‌ನಿಂದ ಕೌಲಾಲಂಪುರಕ್ಕೆ ಹೊರಟಿದ್ದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನ 33,000 ಅಡಿಯಲ್ಲಿ ಹಾರ್ತಾ ಇತ್ತು. ಬೇರೆ ಕಂಪನಿಗಳ ವಿಮಾನಗಳೂ ಅದೇ ದಾರಿಯಲ್ಲಿದ್ದವು. ಹತ್ತಿರದ ದಾರಿ ಅಲ್ವಾ? ನೆಲದಿಂದ ಬಂದ ಕ್ಷಿಪಣಿ ಅದನ್ನು ಒಡೆಯಿತು. 298 ಜನ ಸತ್ತರು. ಅವತ್ತು ಯಾರಾದರೂ ಆ ಆಕಾಶವನ್ನು ಪೂರ್ತಿ ಮುಚ್ಚಿದ್ದರೆ, ಆ ವಿಮಾನ ಸ್ವಲ್ಪ ಸುತ್ತಿ, ತಡವಾಗಿ ಕೌಲಾಲಂಪುರದಲ್ಲಿ ಇಳಿದಿರುತ್ತಿತ್ತು. ಪ್ರಯಾಣಿಕರು ಗೊಣಗಿಕೊಂಡು ಮನೆಗೆ ಹೋಗಿರುತ್ತಿದ್ದರು.

ಆದ್ದರಿಂದ ನನ್ನ ತಕರಾರು ಸುತ್ತುದಾರಿಯ ಮೇಲೆ ಅಲ್ಲ. ಪ್ರಾಣ ಉಳಿಸೋಕೆ ಮುಚ್ಚಿದ ಆಕಾಶ ಬೇರೆ, ಸೇಡಿಗಾಗಿ ಮುಚ್ಚಿದ ಆಕಾಶ ಬೇರೆ. ಮೊದಲನೆಯದಕ್ಕೆ ತಡವಾದರೂ ಸರಿ, ಕೈಮುಗಿಯೋಣ. ಎರಡನೆಯದರ ಬಿಲ್ಲು ಮಾತ್ರ ಯಾವ ನಾಯಕನ ಮನೆಗೂ ಹೋಗಲ್ಲ. ಅದು ಟಿಕೆಟ್ ಕೊಳ್ಳೋರ ಜೇಬಿಗೆ, ಕೆಲಸ ಕಳೆದುಕೊಳ್ಳೋ ನೌಕರನ ಮನೆಗೆ ಬರುತ್ತೆ.

ಇದೆಲ್ಲ ದೂರದ ದೇಶಗಳ ಸಮಾಚಾರ, ನಮಗೇನು ಅನ್ನಬೇಡಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾ ವಿಮಾನ ನಮ್ಮ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿ ಬಂತಲ್ಲ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವ, ಕಾಕ್‌ಪಿಟ್ ತುಂಬ ಹೆಣ್ಣುಮಕ್ಕಳೇ, ನಾವೆಲ್ಲ ಹೆಮ್ಮೆಯಿಂದ ಲೈವ್ ತೋರಿಸಿದ್ದೆವು. ಸುಮಾರು 14,000 ಕಿಲೋಮೀಟರ್, ಸುಮಾರು 17 ಗಂಟೆ. ಅವರು ಧ್ರುವದ ಮೇಲೆ ಬಂದಿದ್ದು ಯಾರೂ ಅಡ್ಡ ಹಾಕಿದ್ದಕ್ಕಲ್ಲ, ಅದೇ ಹತ್ತಿರದ ದಾರಿ ಅನ್ನೋ ಕಾರಣಕ್ಕೆ. ಆದರೆ ಧ್ರುವ ದಾಟಿ ಬೆಂಗಳೂರಿನ ಕಡೆ ಇಳಿಯುವಾಗ ಕೆಳಗೆ ಮೊದಲು ಸಿಗೋದು ಯಾವ ದೇಶ? ರಷ್ಯಾ. ಅವತ್ತು ಬಾಗಿಲು ತೆರೆದಿತ್ತು, ನಮಗೆ ಗಮನಕ್ಕೇ ಬರಲಿಲ್ಲ. ತೆರೆದ ಬಾಗಿಲು ಯಾರ ಗಮನಕ್ಕೂ ಬರಲ್ಲ.

ಮುಚ್ಚಿದ ಬಾಗಿಲೂ ನಮಗೆ ಗೊತ್ತು. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶವನ್ನು ತಿಂಗಳುಗಟ್ಟಲೆ ಮುಚ್ಚಿತು. ದೆಹಲಿಯಿಂದ ಇಸ್ತಾಂಬುಲ್‌ಗೆ ಹೋಗ್ತಿದ್ದ ಇಂಡಿಗೋ ವಿಮಾನ ದೋಹಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯ್ತು. ಏರ್ ಇಂಡಿಯಾ ಒಂದಕ್ಕೇ 491 ಕೋಟಿ ರೂಪಾಯಿ ನಷ್ಟ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಮತ್ತೆ ಅದೇ ಬಾಗಿಲು ಬಿತ್ತು, ನಾವೂ ನಮ್ಮದನ್ನು ಹಾಕಿದೆವು. ದೆಹಲಿಯೂ ಅಲ್ಲೇ ಇದೆ, ಇಸ್ತಾಂಬುಲ್ಲೂ ಅಲ್ಲೇ ಇದೆ. ದೂರ ಮಾತ್ರ ಮತ್ತೆ ಬೆಳೆಯಿತು.

ಮುಗಿಸೋ ಮುಂಚೆ ಮತ್ತೆ ಆ ಫೆಬ್ರವರಿಗೆ ಬರ್ತೀನಿ. 24ರ ಬೆಳಗ್ಗೆ ದೆಹಲಿಯಿಂದ ಕೀವ್‌ಗೆ ಒಂದು ಏರ್ ಇಂಡಿಯಾ ವಿಮಾನ ಹೊರಟಿತ್ತು. ನಮ್ಮ ಮಕ್ಕಳನ್ನು ಕರೆತರೋಕೆ. ಅದರ ನಂಬರ್ ಎಐ 1947. ಅದು ದಾರಿಯಲ್ಲಿರುವಾಗಲೇ ಯುದ್ಧ ಶುರುವಾಯ್ತು, ಯುಕ್ರೇನ್ ಆಕಾಶ ಮುಚ್ಚಿತು, ವಿಮಾನ ದೆಹಲಿಗೆ ವಾಪಸ್ ತಿರುಗಿತು. ಆ ವಿಮಾನಕ್ಕಾಗಿ ಕೀವ್ ನಿಲ್ದಾಣದಲ್ಲಿ, ಹಾಸ್ಟೆಲ್‌ಗಳಲ್ಲಿ ಕಾಯ್ತಿದ್ದ ಮಕ್ಕಳಿಗೆ ಅವರ ಮನೆ ಆ ಬೆಳಗ್ಗೆಯವರೆಗೆ ಕೆಲವು ಗಂಟೆಗಳ ದೂರದಲ್ಲಿತ್ತು. ಆಮೇಲೆ ಅದು ದಿನಗಳ ದೂರಕ್ಕೆ ಹೋಯ್ತು. ಖಾರ್ಕಿವ್‌ನಿಂದ ಪಶ್ಚಿಮದ ಗಡಿಗೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದಾರಿ. ತುಂಬಿ ತುಳುಕೋ ರೈಲು, ಬಸ್ಸು, ಕೊನೆಗೆ ಹಿಮದಲ್ಲಿ ಕಾಲ್ನಡಿಗೆ. ಅಲ್ಲಿಂದ ಪೋಲೆಂಡ್, ರೊಮೇನಿಯಾ, ಹಂಗೇರಿ, ಆಮೇಲೆ ವಿಮಾನ. ಕೆಲವರು ಒಂದು ವಾರದ ಮೇಲೆ ಮನೆ ಸೇರಿದರು. ಒಬ್ಬ ಹುಡುಗ ಪ್ರಾಣದೊಂದಿಗೆ ಸೇರಲೇ ಇಲ್ಲ.

ಖಾರ್ಕಿವ್‌ಗೂ ಹಾವೇರಿಗೂ ನಡುವಿನ ದೂರ ಫೆಬ್ರವರಿ 23ಕ್ಕೂ 24ಕ್ಕೂ ಒಂದೇ. ಗ್ಲೋಬ್ ಮೇಲೆ ದಾರ ಎಳೆದು ನೋಡಿ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಬರಲ್ಲ. ಹುಡುಗರನ್ನು ಕಾಯ್ತಿದ್ದ ಅಮ್ಮಂದಿರನ್ನು ಕೇಳಿ, ಆ ದೂರ ಎಷ್ಟು ಅಂತ ಅವರು ಹೇಳ್ತಾರೆ.

ಮುಂದಿನ ಸಲ ಎಲ್ಲಾದರೂ ‘ಆಕಾಶ ಮುಚ್ಚಿದರು’ ಅನ್ನೋ ಸುದ್ದಿ ಬಂದರೆ, ಅದನ್ನು ಪರದೆಯ ಕೆಳಗೆ ಓಡಿಸಿ ಕಳಿಸಲ್ಲ ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೀನಿ. ನೀವೂ ಸ್ವಲ್ಪ ನಿಂತು ಓದಿ.